ಚೇಂಬರಿಗೆ ಬಳಿದ ಅರಗು

ಹಿರಿಯಳಿಯನ ಪದವಿ ಗೆಜೆಟ್ಟಿನಲ್ಲಿ ಪ್ರಕಟವಾಗುವಂಥದ್ದಲ್ಲ. ಆದರೂ ಅದಕ್ಕೊಂದು ಗುರುತು ಬೇಕು. ನಮ್ಮ ಮನೆಯಲ್ಲಿ ಆ ಗುರುತು ನನ್ನ ಹಳೆಯ ಕಾರಿನ ಮುಂದಿನ ಸೀಟು. ಮಾವನವರು ಗುಡೇಮಾರನಹಳ್ಳಿಯಿಂದ ಚನ್ನಪಟ್ಟಣದ ನಮ್ಮ ಮನೆಗೆ ಬಂದರೆ ಶನಿವಾರ ಕೆಂಗಲ್ಲಿನ ಹನುಮಂತರಾಯನ ಗುಡಿಗೆ ಹೋಗಲೇಬೇಕು. ಹೋಗುವಾಗ ನನ್ನ ಪಕ್ಕದಲ್ಲಿ, ಊರುಗೋಲನ್ನು ಮೊಣಕಾಲುಗಳ ನಡುವೆ ನೆಟ್ಟುಕೊಂಡು, ಎರಡೂ ಕಡೆಯ ಹೊಲಗಳನ್ನು ತನಿಖೆ ಮಾಡುತ್ತಾ ಕೂರಬೇಕು. ವರ್ಷಾನುಗಟ್ಟಲೆ ಇದಕ್ಕೆ ಭಂಗ ಬಂದಿರಲಿಲ್ಲ.

ಆಮೇಲೆ ನನ್ನ ಷಡ್ಡಕ ಕಾರು ಕೊಂಡ.

ಅವನು ನನ್ನ ಹೆಂಡತಿಯ ತಂಗಿಯ ಗಂಡ, ಕನಕಪುರದವನು, ರೇಷ್ಮೆಗೂಡಿನ ವ್ಯಾಪಾರಿ. ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನ ಕಾರು ನಿಂತಲ್ಲಿ ಒಂದು ತೊಟ್ಟು ಕೂಡ ಬೀಳುತ್ತಿರಲಿಲ್ಲ. ನನ್ನದೋ, ಬಾಗಿಲ ಮುಂದಿನ ರಂಗೋಲಿಗೆ ದಿನಾ ಒಂದು ಕಪ್ಪು ಚುಕ್ಕಿ ಸೇರಿಸುತ್ತಿತ್ತು. ಎಂಜಿನ್ನಿನ ಅಡಿಗೆ ಆಯಿಲ್ ನಿಲ್ಲುವ ತಗಡಿನ ತೊಟ್ಟಿಯೊಂದಿರುತ್ತದೆ, ಚೇಂಬರ್ ಎನ್ನುತ್ತಾರೆ. ಅದು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು.

"ಈ ಸಲ ಕಿರಿಯಳಿಯಂದ್ರ ಗಾಡೀಲಿ ಬತ್ತೀನಿ," ಅಂದರು ಮಾವ, ಒಂದು ಶನಿವಾರ. "ನಿಮ್ದು ಒಸಿ ಸುರೀತೈತಲ್ಲಾ ಅಳಿಯಂದ್ರೇ. ದಾರೀಲಿ ನಿಂತ್ಬುಟ್ರೆ?"

ಅವತ್ತು ನನ್ನ ಪಕ್ಕದ ಸೀಟಿನಲ್ಲಿ ಕೂತದ್ದು ತೆಂಗಿನಕಾಯಿಯ ಚೀಲ. ಮುಂದೆ ಹೋಗುತ್ತಿದ್ದ ಕಾರಿನ ಹಿಂದಿನ ಗಾಜಿನಲ್ಲಿ ಮಾವನ ಪೇಟ ನಗುವಿಗೆ ಅಲ್ಲಾಡುವುದು ಕಾಣುತ್ತಿತ್ತು. ನನ್ನ ಕಾರಿನಲ್ಲಿ ಅವರು ನಕ್ಕದ್ದು ನೆನಪಿಲ್ಲ.

ಮಾವ ಮುಂದಿನ ಸಲ ಬಂದ ಶುಕ್ರವಾರ ಸಂಜೆ ನಾನು ರಾಮನಗರದ ಮೆಕ್ಯಾನಿಕ್ ಸಾಹೇಬರ ಮುಂದೆ ನಿಂತಿದ್ದೆ. ಅವರು ಕಾರಿನಡಿ ನುಸುಳಿ ನೋಡಿ ಎದ್ದು ಬಂದರು.

"ಚೇಂಬರ್ ಬಿಚ್ಚೋಕೆ ಎಂಜಿನ್ ಎತ್ಬೇಕು ಸಾರ್. ನಾಲ್ಕು ದಿನ ಬಿಡಿ."

"ಬಿಚ್ಚದೆ ಆಗಲ್ವಾ ಸಾಹೇಬ್ರೆ?"

"ಆಗ್ತೈತೆ. ಆಯಿಲ್ ಪೂರಾ ಇಳಿಸ್ಬೇಕು. ತುಕ್ಕು ಕೆರೆದು, ಪೆಟ್ರೋಲಲ್ಲಿ ಒರೆಸಿ, ಎರಡು ಮುದ್ದೆ ಸೇರಿಸಿ ಕಲಸ್ತಾರಲ್ಲ, ಆ ಸೀಲ್ ಮೆತ್ತೋದು. ಆಮೇಲೆ ಒಂದಿನ ಪೂರ್ತಿ ಗಾಡಿ ಮುಟ್ಟಂಗಿಲ್ಲ."

ಒಂದು ದಿನ ನನ್ನಲ್ಲಿರಲಿಲ್ಲ. ಬೆಳಗಾದರೆ ಕೆಂಗಲ್, ಬೆಳಗಾದರೆ ಷಡ್ಡಕ.

ನನ್ನ ಕಸುಬು ಗೊಂಬೆ ಕಡೆಯುವುದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಮರಕ್ಕೆ ಹಿಡಿಯುತ್ತದೆ, ತಣ್ಣಗಾದರೆ ಕಲ್ಲು. ಒಂದು ದಿನ ಕಾಯುವುದೇನೂ ಬೇಡ. ಬೆಳಗ್ಗೆ ಬೇಗ ಎದ್ದು ಆಯಿಲ್ಲನ್ನು ಬೋಗುಣಿಗೆ ಇಳಿಸಿದೆ. ಕೆಂಡದ ಮೇಲೆ ಅರಗು ಕಾಯಿಸಿ ತೂತಿಗೆ ಒತ್ತಿದೆ. ಕೈಗೆ ಸಿಕ್ಕಿದ್ದು ಕೆಂಪು ಕಡ್ಡಿ. ಅಭ್ಯಾಸಬಲದಿಂದ ತಾಳೆಗರಿಯಲ್ಲಿ ಉಜ್ಜಿ ಹೊಳಪನ್ನೂ ಕೊಟ್ಟೆ.

"ಗೊಂಬೆಗೆ ಹಾಕೋದ್ನ ಕಾರಿಗೆ ಹಾಕ್ತಿದ್ದೀರಲ್ಲಾ," ಅಂದಳು ಹೆಂಡತಿ.

"ಅರಗಿನ ಇಚಾರ ನಂಗೇಳ್ಬೇಡ," ಅಂದೆ.

ಆಯಿಲ್ ಮತ್ತೆ ತುಂಬಿದೆ. ಒಂದು ತೊಟ್ಟೂ ಬೀಳಲಿಲ್ಲ. ಷಡ್ಡಕನ ಕಾರು ಬಂದು ನಿಂತಿತು. ಮಾವ ಕಾಫಿ ಕುಡಿಯುವಷ್ಟು ಹೊತ್ತೂ ನಿಂತ ಕಾರಿನ ಎಂಜಿನ್ ಓಡಿಸುತ್ತಲೇ ಇದ್ದೆ, ಎಲ್ಲರೂ ಅಡಿಯ ನೆಲ ನೋಡಲಿ ಎಂದು. ಮಾವ ಬಗ್ಗಿ ನೋಡಿದರು. ಷಡ್ಡಕನೂ ಬಗ್ಗಿ ನೋಡಿ, "ಭೇಷ್ ಅಣ್ಣ," ಅಂದ. ಮಾವ ನನ್ನ ಪಕ್ಕದಲ್ಲಿ ಊರುಗೋಲು ನೆಟ್ಟರು. ರಾಜ್ಯ ಮರಳಿ ಬಂದಿತ್ತು.

ಕೆಂಗಲ್ಲಿನಲ್ಲಿ ಪೂಜೆ ಮುಗಿಸಿ ಹೊರಬಂದಾಗ ಮಾವ ನನ್ನ ಕಾರಿನ ಮುಂದೆ ತಟ್ಟನೆ ನಿಂತರು. "ಯಾರೋ ಕುಂಕುಮ ಚೆಲ್ಬುಟ್ಟವ್ರೆ," ಎಂದು ಬಗ್ಗಿ ಬೆರಳಲ್ಲಿ ಮುಟ್ಟಿ, ಹಣೆಗೆ ಒಯ್ಯುತ್ತಾ, ಮೂಗಿನ ಹತ್ತಿರ ತಡೆದರು. "ಅಳಿಯಂದ್ರೇ, ಇದು ಎಣ್ಣೆ."

ಬಿಸಿಗೆ ಕರಗುವ ಅರಗಿನಿಂದಲೇ ಇಷ್ಟು ವರ್ಷ ಅನ್ನ ತಿಂದವನಿಗೆ, ಎಂಜಿನ್ ಬಿಸಿಯಾಗುತ್ತದೆ ಎಂಬ ಸಣ್ಣ ಸಂಗತಿ ಆಗ ಹೊಳೆಯಿತು. ಕಾಲು ಗಂಟೆ ಓಡಿಸಿ ಕಾಯಿಸಿದವನೂ ನಾನೇ.

"ಸ್ಟಾರ್ಟ್ ಮಾಡ್ಬೇಡ ಅಣ್ಣ, ಎಂಜಿನ್ ಹೋಯ್ತದೆ," ಎಂದ ಷಡ್ಡಕ. ಅವನ ಡಿಕ್ಕಿಯಲ್ಲಿ ಹಗ್ಗವೂ ಇತ್ತು. ಅಂಥವರ ಡಿಕ್ಕಿಯಲ್ಲಿ ಇದ್ದೇ ಇರುತ್ತದೆ. ಹೀಗೆ ನನ್ನ ಕಾರು ಅವನ ಕಾರಿನ ಹಿಂದೆ, ಸಂತೆಯಿಂದ ಕೊಂಡ ಹಸುವಿನ ಹಾಗೆ, ಚನ್ನಪಟ್ಟಣದ ತನಕ ನಡೆಯಿತು. ಮುಂದಿನ ಕಾರಿನ ಗಾಜಿನಲ್ಲಿ ಮಾವನ ಪೇಟ ತಿರುಗಿ ತಿರುಗಿ ನನ್ನನ್ನು ನೋಡುತ್ತಿತ್ತು.

ಮನೆ ಮುಟ್ಟಿದ ಮೇಲೆ ಅವನು ಊರಿಗೆ ಹೋಗಬಾರದೆ? ಬಿಳಿ ಅಂಗಿ ಬಿಚ್ಚಿಟ್ಟು, ಗೋಣಿತಟ್ಟು ಹಾಸಿ, ನನ್ನ ಕಾರಿನಡಿ ಅಂಗಾತ ಮಲಗಿದ. ಉಳಿದ ಆಯಿಲ್ ಇಳಿಸಿದ. ಅರಗು ಕಿತ್ತ. ತುಕ್ಕನ್ನು ತೂತು ಹಿಗ್ಗದ ಹಾಗೆ ಮೆಲ್ಲಗೆ ಉಪ್ಪುಕಾಗದದಲ್ಲಿ ತಿಕ್ಕಿ, ಬಟ್ಟೆಗೆ ಜಿಡ್ಡು ಹತ್ತದಿರುವ ತನಕ ಪೆಟ್ರೋಲಿನಲ್ಲಿ ಒರೆಸಿ, ಸೀಲ್ ಕಲಸಿ ಮೆತ್ತಿ, ಮೇಲೊಂದು ತಗಡಿನ ಚೂರು ಒತ್ತಿದ. ಮಾವ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬಟ್ಟೆ ಕೊಡುತ್ತಿದ್ದರು. ಇಬ್ಬರೂ ನಗುತ್ತಿದ್ದರು. ನನಗೆ ಹಿಡಿಯಲು ಕೊಟ್ಟದ್ದು ಅವನ ಅಂಗಿ. ಅದರಲ್ಲಿ ಒಂದು ಕಲೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

"ನಾಳೆ ತನಕ ಮುಟ್ಬೇಡ ಅಣ್ಣ," ಎಂದು ಹೇಳಿ ಹೋದ.

ಭಾನುವಾರ ಸಂಜೆ ಆಯಿಲ್ ತುಂಬಿ, ಸೋಮವಾರ ಮಾವನನ್ನು ಊರಿಗೆ ಬಿಡಲು ಹೊರಟೆ. ಅವರು ಕೇಳದೆಯೇ ಮುಂದಿನ ಸೀಟಿನಲ್ಲಿ ಕೂತರು. ಮಾಗಡಿಯ ದಾರಿಯುದ್ದಕ್ಕೂ ಹೊಲಗಳ ಕಡೆ ನೋಡಲೇ ಇಲ್ಲ.

"ಒಂದ್ ತೊಟ್ಟಿಲ್ಲ ನೋಡಿ," ಎನ್ನುತ್ತಿದ್ದರು ಪ್ರತಿ ತಿರುವಿಗೂ. "ಏನ್ ಕೈಗುಣ ಅಂತೀರಿ ಅವರ್ದು!"

ಕಾರು ಇರುವ ತನಕ ಆ ತೇಪೆ ಬಿಡಲಿಲ್ಲ. ನಾನು ದಿನಾ ಕಾರಿನಡಿಗೆ ಹಳೆಯ ಪೇಪರೊಂದನ್ನು ಹಾಸುತ್ತಿದ್ದೆ. ಜಾಗ್ರತೆಗೆ ಅಂದುಕೊಂಡಿದ್ದಳು ಹೆಂಡತಿ. ಬೆಳಗ್ಗೆ ಎಳೆದು ನೋಡಿದರೆ, ಅಚ್ಚಾದ ಅಕ್ಷರಗಳ ಹೊರತು ಅದರ ಮೇಲೆ ಕಪ್ಪೆಂಬುದೇ ಇರುತ್ತಿರಲಿಲ್ಲ. ಮಡಿಸಿ ಒಳಗಿಡುತ್ತಿದ್ದೆ, ನಾಳೆಗೂ ಬೇಕಾಗುತ್ತದೆ ಎಂದು.