ಮರಿಂಬಾದ ಕೊನೆಯ ಪಟ್ಟಿ

ಈ ಗ್ವಾಟೆಮಾಲಾ ಬೆಟ್ಟಸೀಮೆಯಲ್ಲಿ ಮರಿಂಬಾ ಕೆಟ್ಟರೆ ಜನ ಹುಡುಕಿಕೊಂಡು ಬರುವುದು ನನ್ನ ಭಾವ ಎವರಿಸ್ತೊ ಅವರನ್ನು. ಕೋಲಿನಿಂದ ಬಾರಿಸುವ ಈ ವಾದ್ಯದ ಪ್ರತಿಯೊಂದು ಮರದ ಪಟ್ಟಿಯ ಕೆಳಗೂ ಒಂದು ಪೆಟ್ಟಿಗೆ ತೂಗುತ್ತದೆ. ಪೆಟ್ಟಿಗೆಯ ತೂತಿಗೆ ಹಂದಿ ಕರುಳಿನ ಪೊರೆಯನ್ನು ಜೇನುಮೇಣದಿಂದ ಅಂಟಿಸಿದರೆ ಸ್ವರ ಗುಂಯ್‌ಗುಡುತ್ತದೆ. ಪೆಟ್ಟಿಗೆ ಬಿರುಕು ಬಿಟ್ಟಿದೆಯೇ ಎಂದು ನೋಡಲು ಭಾವ ಒಳಗೆ ಸಿಗರೇಟಿನ ಹೊಗೆ ಊದುತ್ತಿದ್ದರು. ಸಿಗರೇಟು ತನಗೆ ಚಟವಲ್ಲ, ಉಳಿ ಸುತ್ತಿಗೆಯಂತೆ ಅದೂ ಒಂದು ಸಾಮಾನು ಎಂದು ಅವರ ವಾದ. ಕಳ್ಳನಿಗೊಂದು ಪಿಳ್ಳೆ ನೆವ. ಹೊಗೆ ಊದುವ ಕೆಲಸ ಇಲ್ಲದಾಗಲೂ ಬಾಯಲ್ಲಿ ಸಿಗರೇಟು ಇದ್ದೇ ಇರುತ್ತಿತ್ತು.

ಹೋದ ವರ್ಷ ಅವರು ತುದಿಯಲ್ಲಿರುವ ಏರುಸ್ವರದ ಸಣ್ಣ ಪಟ್ಟಿಗಳ ಪೊರೆಯನ್ನು ಮತ್ತೆ ಮತ್ತೆ ಬದಲಿಸತೊಡಗಿದರು.

"ಆ ಕಸಾಯಿ ಹಾಳು ಕರುಳು ಕೊಡ್ತಾನೆ ಕಣೋ. ಕೊನೇ ಪಟ್ಟಿ ಉಸಿರೇ ಬಿಡ್ತಿಲ್ಲ."

ನಾನು ಮರಿಂಬಾ ಬಾರಿಸುವವನು. ನನಗೆ ಆ ಸ್ವರ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ನನಗೆ ಸ್ವರ ಕಲಿಸಿದ ಕಿವಿಯನ್ನೇ ಅನುಮಾನಿಸುವುದು ಹೇಗೆ?

ಒಂದು ಬೆಳಿಗ್ಗೆ ನಾನು ಭಾವನ ಮುಂದೆ ಕೊನೆಯ ಪಟ್ಟಿ ಬಾರಿಸುತ್ತಿದ್ದಾಗ, ಅಡುಗೆಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದ ಅಕ್ಕ ಎರ್ಮೆಲಿಂದಾ ರೇಗಿದಳು. "ಟಿಣ್ ಟಿಣ್ ಅಂತ ಇಲ್ಲೀವರ್ಗೂ ಕೇಳ್ತಿದೆ. ಕಿವೀಗೂ ಮೇಣ ಮೆತ್ಕೊಂಡಿದೀರಾ?"

ಭಾವ ಪೆಟ್ಟಿಗೆಗೇ ಕಿವಿ ಇಟ್ಟರು. "ಬಾರ್ಸೋ, ಯಾಕೆ ನಿಲ್ಸಿದೆ?"

"ಬಾರಿಸ್ತಾನೇ ಇದೀನಿ, ಭಾವ."

ಅವರು ತಲೆಯೆತ್ತಿ ನನ್ನ ಕೈಯನ್ನು ನೋಡಿದರು. ಕೋಲು ಪಟ್ಟಿಯ ಮೇಲೆ ಕುಣಿಯುತ್ತಲೇ ಇತ್ತು. ಅವರ ಮುಖ ಬಿಳಿಚಿತು.

ಕಿವಿ ಪರೀಕ್ಷಿಸಿದ ಡಾಕ್ಟರಮ್ಮ ಮೊದಲು ಕೇಳಿದ್ದೇ ಸಿಗರೇಟಿನ ವಿಷಯ.

"ಹೊಗೆ ಹೋಗೋದು ಎದೆಗೆ ತಾನೆ ತಾಯಿ, ಕಿವಿಗೆ ಹೆಂಗೆ ಹೋಗುತ್ತೆ?" ಎಂದರು ಭಾವ.

"ಒಳಗಿವಿಗೆ ರಕ್ತ ಕೊಡೋ ನಾಳ ಕೂದಲಿನಷ್ಟು ಸಣ್ಣದು. ಸಿಗರೇಟು ಅದನ್ನ ಇನ್ನೂ ಬಿಗಿ ಮಾಡುತ್ತೆ. ವಯಸ್ಸಿನ ಪಾಲೂ ಇರಬಹುದು. ಹೋಗಿದ್ದು ವಾಪಸ್ ಬರಲ್ಲ. ಈಗ್ಲೇ ಬಿಟ್ರೆ ಇರೋದಾದ್ರೂ ಉಳೀಬಹುದು."

ಭಾವ ಮನೆಗೆ ಬಂದವರೇ ಸಿಗರೇಟಿನ ಪ್ಯಾಕನ್ನು ಒಲೆಗೆ ಹಾಕಿದರು. ಇಷ್ಟು ವರ್ಷ ನಾವೆಲ್ಲ ಕೆಮ್ಮು, ಎದೆ ಎಂದು ಅವರನ್ನು ಹೆದರಿಸಿದ್ದೆವು. ಕಿವಿಯ ಮಾತು ನಮ್ಮ ಕನಸಿನಲ್ಲೂ ಸುಳಿದಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಭಾವ ನನ್ನನ್ನು ಕರೆದರು. "ಒಂದು ಸಿಗರೇಟೂ ಮುಟ್ಟಿಲ್ಲ. ಈಗ ಸ್ವಲ್ಪ ವಾಸಿಯಾಗಿರ್ಬೇಕು. ಕೊನೇ ಪಟ್ಟಿ ಬಾರ್ಸು ನೋಡೋಣ."

ನಾನು ಕೋಲೆತ್ತಿದೆ. ಅವರ ಕಣ್ಣಿನಲ್ಲಿದ್ದ ಆಸೆಯನ್ನು ನೋಡಿ ನನ್ನ ಕೈ ನಡುದಾರಿಯಲ್ಲೇ ನಿಂತುಬಿಟ್ಟಿತು.

ಭಾವ ತಲೆದೂಗಿದರು. "ಹ್ಞಾಂ, ಕೇಳ್ತು ಕಣೋ."

ನಾನಿನ್ನೂ ಬಾರಿಸಿರಲಿಲ್ಲ.