ಖಾಲಿ ಗುಳ್ಳೆಯ ಚಿತ್ರಗಳು

ನನ್ನ ಟ್ರಂಕಿನಲ್ಲಿರುವ ಚಿತ್ರಗಳನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: ಮಾತೆಲ್ಲಿ? ಗಂಡ ಬಾಯಿ ತೆರೆದಿದ್ದಾನೆ, ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ, ಇಬ್ಬರ ತಲೆಯ ಮೇಲೂ ಮಾತಿನ ಗುಳ್ಳೆಗಳಿವೆ. ಒಳಗೆ ಒಂದಕ್ಷರವೂ ಇಲ್ಲ.

ಅದಕ್ಕೆ ಕಾರಣ ನನ್ನ ಸೋದರಮಾವನ ಕೈಬರಹ. ಸೊರಬದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಅವನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ವಾರಕ್ಕೊಂದು ಮೂರು ಚೌಕದ ನಗೆಚಿತ್ರ ಬರೆಯುತ್ತಿದ್ದ. ಗೆರೆ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು. ಅಕ್ಷರ ಮಾತ್ರ ಕಾಗೆಕಾಲು ಗುಬ್ಬಿಕಾಲು. ಅಚ್ಚುಕೂಟದವರು ಬೇಸತ್ತು, ಗುಳ್ಳೆ ಖಾಲಿ ಬಿಡಿ ಎಂದು ಹೇಳಿ, ಮಾತನ್ನು ತಾವೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಮುದ್ರಿಸಲು ಲೋಹದ ಬ್ಲಾಕು ಮಾಡಿಕೊಂಡ ಮೇಲೆ ಮೂಲ ಚಿತ್ರ ಅಂಚೆಯಲ್ಲಿ ವಾಪಸು ಬರುತ್ತಿತ್ತು. ಅವನು ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದ, ನಾನು ಹತ್ತಿ ಹೆಕ್ಕಿಕೊಳ್ಳುತ್ತಿದ್ದೆ.

ಪತ್ರಿಕೆಯಲ್ಲಿ ಅಂಗೈಯಗಲಕ್ಕೆ ಕುಗ್ಗುವ ಚಿತ್ರ ಮೂಲದಲ್ಲಿ ಮೊಳದುದ್ದ ಇರುತ್ತಿತ್ತು. ಅಳಿಸದೆ ಉಳಿದ ಪೆನ್ಸಿಲ್ ಗೆರೆ, ತಪ್ಪಿದಲ್ಲಿ ಬಳಿದ ಬಿಳಿ ಬಣ್ಣ, ಮೂಲೆಯಲ್ಲಿ ಕಾಫಿ ಲೋಟದ ಗುರುತು, ಯಾವುದೂ ಅಚ್ಚಿನಲ್ಲಿ ಕಾಣದು. ನನಗೆ ಅವೇ ಇಷ್ಟ. ‘ಇವ್ಳಿಗೆ ರದ್ದಿ ಮೇಲೆ ಯಂತಾ ಪ್ರೀತಿ ಮಾರಾಯ್ರಾ’ ಎಂದು ಸೋದರಮಾವ ಕಾಲೆಳೆಯುತ್ತಿದ್ದ.

ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ಸೀರೆಗಳ ಕೆಳಗೆ ಆ ರದ್ದಿಯೂ ಬಂತು. ಇಲ್ಲಿ ಅತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ. ತಮ್ಮನ ಮಗಳನ್ನು ಸೊಸೆಯಾಗಿ ತಂದುಕೊಳ್ಳುವ ಆಸೆ ಅವರಿಗಿತ್ತು. ಅದು ಕೈತಪ್ಪಿದ ಸಿಟ್ಟಿನಲ್ಲಿ, ನೆಂಟರೆಲ್ಲರ ಎದುರು, ‘ಬಂದಾಕಿ ಜೋಡಿ ನಾ ಮಾತಾಡಂಗಿಲ್ಲ’ ಎಂದುಬಿಟ್ಟಿದ್ದರಂತೆ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ. ಹೇಳಬೇಕಾದ್ದನ್ನೆಲ್ಲ ಮನೆಯ ಬೆಕ್ಕಿಗೆ ಹೇಳುತ್ತಿದ್ದರು. ‘ಬೆಕ್ಕೇ, ಹಿತ್ತಲ ಬಾಗ್ಲು ತೆಗದೈತಿ ನೋಡು’ ಎಂದರೆ ನಾನು ಎದ್ದು ಹಾಕಬೇಕು. ಸಂಜೆಯಾದರೆ, ‘ಬೆಕ್ಕೇ, ಒಲಿ ಮುಂದ ಹಾಲೈತಿ, ಆರಿ ಹೋಗ್ತೈತಿ’ ಎನ್ನುವರು. ನಾನು ಓಡಿಹೋಗಿ ಬೆಕ್ಕಿನ ತಟ್ಟೆಗೆ ಹಾಲು ಸುರಿಯುತ್ತಿದ್ದೆ. ಅತ್ತೆ ಪಾತ್ರೆ ಕುಕ್ಕುತ್ತಿದ್ದರು. ತಡ ಮಾಡಿದೆನೇನೋ ಎಂದು ಮರುದಿನ ಇನ್ನೂ ಬೇಗ ಸುರಿಯುತ್ತಿದ್ದೆ. ನನಗೆ ಬೇಕಾಗಿದ್ದು ಇಷ್ಟೇ, ಒಂದು ಸಲ ಅವರು ನನ್ನ ಮುಖ ನೋಡಿ ‘ನೀನು’ ಎನ್ನಬೇಕು.

ತವರಿಗೆ ಹೋದಾಗ ಇದನ್ನೆಲ್ಲ ಸೋದರಮಾವನ ಹತ್ತಿರ ಹೇಳಿಕೊಂಡು ಕಣ್ಣೀರು ಹಾಕಿದೆ. ಅವನು ಬಿದ್ದು ಬಿದ್ದು ನಕ್ಕ. ಹೊರಡುವ ದಿನ ಒಂದು ಚಿತ್ರ ಕೈಗಿಟ್ಟ. ಮೊದಲ ಚೌಕದಲ್ಲಿ ಅತ್ತೆ ಬೆಕ್ಕಿನೊಡನೆ ಮಾತಾಡುತ್ತಿದ್ದಾಳೆ, ಎರಡನೆಯದರಲ್ಲಿ ಸೊಸೆ ಬೆಕ್ಕಿಗೆ ಹಾಲು ಸುರಿಯುತ್ತಿದ್ದಾಳೆ, ಮೂರನೆಯದರಲ್ಲಿ ಗುಡಾಣ ಹೊಟ್ಟೆಯ ಬೆಕ್ಕಿನ ಆಚೆ ಈಚೆ ಇಬ್ಬರೂ ನಿಂತಿದ್ದಾರೆ. ‘ಇದು ಪೇಪರಿಗಲ್ಲ ಮಾರಾಯ್ತಿ, ನಿಂಗೇ’ ಎಂದ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಯಾರೋ ಹಿರಿಯರು ನನ್ನ ಕೈಲಿದ್ದ ಚಿತ್ರದ ಸುರುಳಿ ನೋಡಿ, ‘ಯಾವ ಜಮೀನಿನ ನಕಾಶೆ, ತಂಗೀ?’ ಎಂದು ಕೇಳಿದರು. ಅದು ಅತ್ತೆಯ ಕಣ್ಣಿಗೆ ಬಿದ್ದರೆ ನನ್ನ ಗತಿಯೇನು ಎಂಬ ಯೋಚನೆಯಲ್ಲಿ ನಾನು ಸುರುಳಿಯನ್ನು ಸೆರಗಿನೊಳಗೆ ಸರಿಸಿಕೊಂಡೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಬೂಸಲು ಹಿಡಿಯದಿರಲಿ ಎಂದು ಚಿತ್ರಗಳನ್ನು ಅಂಗಳದ ಬಿಸಿಲಿಗೆ ಹರವಿದೆ. ಬೆಕ್ಕಿನ ಚಿತ್ರವನ್ನು ಮಾತ್ರ ಇನ್ನೊಂದರ ಕೆಳಗೆ ಅಡಗಿಸಿಟ್ಟೆ. ನೀರು ಸೇದಿಕೊಂಡು ಬರುವಷ್ಟರಲ್ಲಿ ಅತ್ತೆ ಚಿತ್ರಗಳ ನಡುವೆ ಕೂತುಬಿಟ್ಟಿದ್ದರು. ಅವರಿಗೆ ಓದು ಬಾರದು. ಪತ್ರಿಕೆಯಲ್ಲಿ ಇದೇ ಚಿತ್ರ ಬಂದಾಗ ಎಂದೂ ಕಣ್ಣೆತ್ತಿ ನೋಡಿದವರಲ್ಲ. ಇಲ್ಲಿ ಅಕ್ಷರದ ಕಾಟವೇ ಇರಲಿಲ್ಲ. ‘ಪಾಪ, ಬಾಯಿ ತೆಗದಾವ, ಮಾತೇ ಹುಟ್ಟಿಲ್ಲ’ ಎಂದು ಗೊಣಗಿಕೊಂಡು, ಮಾತು ತಾವೇ ಕೊಡತೊಡಗಿದರು. ಖಾಲಿ ಚೀಲ ಹಿಡಿದು ಪೇಟೆಯಿಂದ ಬಂದ ಗಂಡನಿಗೆ ಚಿತ್ರದ ಹೆಂಡತಿ ಹೇಳಿದಳು: ‘ಚೀಲ ಏನೋ ಮನಿಗೆ ಬಂತು, ಸಂತಿ ಎಲ್ಲಿ?’ ಅಚ್ಚಾದ ಮಾತಿಗಿಂತ ಇದೇ ಚೆನ್ನಾಗಿತ್ತು. ಬಾಗಿಲ ಮರೆಯಲ್ಲಿ ನಿಂತು ನಕ್ಕುಬಿಟ್ಟೆ.

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕೈ ಆಗಲೇ ನಾನು ಅಡಗಿಸಿಟ್ಟ ಚಿತ್ರಕ್ಕೆ ಹೋಗಿತ್ತು.

ಚಿತ್ರದ ಅತ್ತೆ ಥೇಟು ಇವರೇ. ಸೆರಗು ಸಿಕ್ಕಿಸಿದ ರೀತಿ, ಮೂಗುಬೊಟ್ಟು, ಗುರುತು ಹಿಡಿಯದಿರಲು ಅವರೇನು ಕುರುಡರೇ? ತವರಿಗೆ ಕಳಿಸುವುದೊಂದೇ ಬಾಕಿ ಎಂದುಕೊಂಡೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಮೂರನೆಯ ಚೌಕದಲ್ಲಿ ಅತ್ತೆಯ ಗುಳ್ಳೆಯ ಮೇಲೆ ಬೆರಳಿಟ್ಟರು.

‘ಇಕಿ ಏನಂತಾಳ ಅಂದ್ರ’ ಎಂದು ತಡೆದು, ‘ಹಾಲು ಬೆಕ್ಕಿಗಲ್ಲ, ಹುಚ್ಚಿ. ನಿನಗ ಇಟ್ಟಿದ್ದು’ ಎಂದರು.

ಅಷ್ಟು ಸಂಜೆಗಳ ಅಕ್ಕರೆಯನ್ನೆಲ್ಲ ಬೆಕ್ಕಿಗೆ ಕುಡಿಸಿದ್ದೆ! ಅತ್ತೆ ಬೆರಳನ್ನು ಸೊಸೆಯ ಗುಳ್ಳೆಗೆ ಸರಿಸಿದರು. ‘ಅಕಿ ಏನಂತಾಳ? ಅದು ನನಗ ಗೊತ್ತಿಲ್ಲ. ನೀನ ಹೇಳು’ ಎಂದು ನನ್ನ ಮುಖ ನೋಡಿದರು.

ಸೋದರಮಾವನ ಕೆಟ್ಟ ಅಕ್ಷರಕ್ಕೆ ನಾನು ಇವತ್ತಿಗೂ ಋಣಿ. ಅವನ ಕೈಬರಹ ನೆಟ್ಟಗಿದ್ದಿದ್ದರೆ ಗುಳ್ಳೆಗಳೆಲ್ಲ ತುಂಬಿರುತ್ತಿದ್ದವು, ಅತ್ತೆಗೆ ಜಾಗವೇ ಇರುತ್ತಿರಲಿಲ್ಲ.

ಆ ಸಂಜೆ ಅವರು ಹಾಲಿನ ಲೋಟವನ್ನು ತಂದು ನನ್ನ ಕೈಗೇ ಕೊಟ್ಟರು. ಬೆಕ್ಕು ರೂಢಿಯಂತೆ ಬಂದು ಕಾಲು ಸುತ್ತಿತು. ಅತ್ತೆ ಅದನ್ನು ಗದರಿದರು. ನಾನು ಆ ಮನೆಗೆ ಬಂದ ಮೇಲೆ ಅವರು ನಿಜವಾಗಿ ಬೆಕ್ಕಿಗೆಂದೇ ಆಡಿದ ಮೊದಲ ಮಾತು ಅದಾಗಿರಬೇಕು:

‘ನಡಿ ಆಚಿಗೆ, ಇದು ನಿಂದಲ್ಲ.’