ಅಪ್ಪನ ಕೈ, ನೀಲಿ ಸುರುಳಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯೊಳಗೆ ಒಂದು ವಸ್ತುವನ್ನು ತರುವಂತಿರಲಿಲ್ಲ. ಅದು ಅಯಸ್ಕಾಂತ. ಏಕೆಂದು ನಾನು ಕೇಳಿರಲಿಲ್ಲ. ಅಪ್ಪ ಬೇಡವೆಂದರೆ ಬೇಡ, ಅಷ್ಟೆ.

ಠಾಕುರ್ಲಿಯಲ್ಲಿ, ರೈಲುಹಳಿಯ ಪಕ್ಕದ ಚಾಳಿನಲ್ಲಿ ನಮ್ಮದು ಒಂದೂವರೆ ಕೋಣೆಯ ಮನೆ. ಕಿಟಕಿಯ ಕೆಳಗೆ ಅಪ್ಪನ ಮೇಜು. ಅಲ್ಲಿ ಅವರು ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಲೋಕಲ್ ಟ್ರೇನು ಹಾದುಹೋಗುವಾಗ ಮೇಜು ಸಣ್ಣಗೆ ನಡುಗುತ್ತಿತ್ತು. ಆ ನಡುಕ ನಿಲ್ಲುವವರೆಗೆ ಅಪ್ಪ ಚಿಮಟವನ್ನು ಗಾಳಿಯಲ್ಲೇ ಎತ್ತಿ ಹಿಡಿದು, ಉಸಿರು ಕಟ್ಟಿ ಕಾಯುತ್ತಿದ್ದರು. ಮೇಜು ನಡುಗಿದರೂ ಅವರ ಕೈ ನಡುಗಿದ್ದನ್ನು ನಾನು ನೋಡಿರಲಿಲ್ಲ.

ಗಡಿಯಾರದ ಹೊಟ್ಟೆಯಲ್ಲಿ ಹೇರ್‌ಸ್ಪ್ರಿಂಗ್ ಎಂಬ ಸುರುಳಿ ಇರುತ್ತದೆ, ಕೂದಲಿನಷ್ಟು ತೆಳು. ಅದು ಹಿಗ್ಗಿ ಕುಗ್ಗುವ ಲಯದಲ್ಲೇ ಮುಳ್ಳುಗಳು ಓಡುತ್ತವೆ. ಆ ಕಾಲದ ಅನೇಕ ಹಳೆಯ ಗಡಿಯಾರಗಳಲ್ಲಿ ಅದು ಉಕ್ಕಿನದಾಗಿತ್ತು, ಕಾಯಿಸಿ ಕಾಯಿಸಿ ನೀಲಿ ಬಣ್ಣ ತರಿಸಿದ್ದು.

ಅಂದು ಶಾಲೆಗೆ ರಜೆ. ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮೂರಿನ ಕಡೆಯವರೊಬ್ಬರು ತಮ್ಮ ತಂದೆಯ ಚಿನ್ನದ ಸ್ವಿಸ್ ಗಡಿಯಾರವನ್ನು ಕೊಟ್ಟಿದ್ದರು. ಸಂಜೆ ಐದಕ್ಕೆ ಬರುವವರಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಅಪ್ಪನ ಕೈಯಿಂದ ಒಂದು ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಸಾಸಿವೆಗಿಂತ ಚಿಕ್ಕದು. ಹುಡುಕಿ ಹುಡುಕಿ ಸಾಕಾಗಿ ಅಪ್ಪ ಸ್ನಾನಕ್ಕೆ ಹೋದರು.

ನನ್ನ ಬಳಿ ಒಂದು ಗುಟ್ಟಿತ್ತು. ಹಾಳಾದ ರೇಡಿಯೋದ ಸ್ಪೀಕರಿನಿಂದ ಕಿತ್ತ ದುಂಡನೆಯ ಅಯಸ್ಕಾಂತ. ಗೋಲಿಗಳನ್ನು ಕೊಟ್ಟು ಗೆಳೆಯನಿಂದ ಪಡೆದು ಮೆಟ್ಟಿಲ ಕೆಳಗೆ ಬಚ್ಚಿಟ್ಟಿದ್ದೆ. ಓಡಿಹೋಗಿ ತಂದು ನೆಲದ ಮೇಲೆಲ್ಲ ಸವರಿದೆ. ಗುಂಡುಪಿನ್ನು, ಕಬ್ಬಿಣದ ಪುಡಿ, ಅವುಗಳ ನಡುವೆ ಆ ಸ್ಕ್ರೂ! ಅದನ್ನು ಬಿಡಿಸಿಕೊಳ್ಳಲು ಅಯಸ್ಕಾಂತವನ್ನು ಮೇಜಿನ ಮೇಲೆ, ಗಡಿಯಾರದ ಪಕ್ಕದಲ್ಲೇ ಇಟ್ಟೆ. ಒಂದು ನಿಮಿಷವೂ ಇರಲಿಕ್ಕಿಲ್ಲ. ಆಮೇಲೆ ಮತ್ತೆ ಮೆಟ್ಟಿಲ ಕೆಳಗೆ ಬಚ್ಚಿಟ್ಟು ಬಂದೆ.

"ಸಿಕ್ತಾ? ಬೆಕ್ಕಿನ ಕಣ್ಣು ಮಾರಾಯ ನಿಂದು!" ಎಂದಳು ಆಗ ತಾನೇ ಹೊರಗಿನಿಂದ ಬಂದ ನನ್ನ ಅಕ್ಕ. ನಾನು ಉಬ್ಬಿಹೋದೆ.

ಅಪ್ಪ ಸ್ಕ್ರೂ ಕೂರಿಸಿ ಗಡಿಯಾರವನ್ನು ಕಿವಿಗೆ ಹಿಡಿದರು. ಅವರ ಮುಖ ಬಿಳಿಚಿತು. ನನಗೂ ಕೇಳಿಸಿದರು. ಟಿಕ್ ಟಿಕ್ ಎನ್ನಬೇಕಾದದ್ದು ಜ್ವರ ಬಂದವರ ಎದೆಯ ಹಾಗೆ ಓಡುತ್ತಿತ್ತು. ಬಿಚ್ಚಿ ನೋಡಿದರೆ ನೀಲಿ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿದ್ದವು. ಎಣ್ಣೆ ತಗುಲಿರಬೇಕೆಂದು ಪೆಟ್ರೋಲಿನಲ್ಲಿ ತೊಳೆದರು. ಮತ್ತೆ ಅಂಟಿತು. ಮತ್ತೆ ತೊಳೆದರು. ಮೂರನೆಯ ಸಲ ಚಿಮಟ ಹಿಡಿದಾಗ ಅವರ ಬೆರಳು ನಡುಗುವುದನ್ನು ಕಂಡೆ. ಹೊರಗೆ ಟ್ರೇನು ಇರಲಿಲ್ಲ.

ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದಿಟ್ಟರು.

"ಮಗಳೇ, ಅವರು ಬಂದ್ರೆ ನನ್ನಿಂದಲೇ ಹಾಳಾಯ್ತು ಅಂತ ಹೇಳ್ತೇನೆ. ಈ ಕೈ ಮುಗೀತು. ನಾಳೆ ಎಂಐಡಿಸಿಲಿ ಯಾವ್ದಾದ್ರೂ ಕಾರ್ಖಾನೆ ಗೇಟಲ್ಲಿ ಕೆಲಸ ಕೇಳ್ತೇನೆ" ಎಂದರು ಅಕ್ಕನಿಗೆ.

"ಎಂತ ಅಪ್ಪಾ, ಒಂದು ಗಡಿಯಾರಕ್ಕೆ ಇಷ್ಟೊಂದಾ?"

"ಒಂದಲ್ಲ. ಆಗ ಸ್ಕ್ರೂ ಬಿತ್ತು. ಈಗ ಇದು. ನಾಳೆ ಎಂತದೋ!"

ಅವರು ಒಂದೊಂದೇ ಹತಾರವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕತೊಡಗಿದರು. ಅವಸರವಿಲ್ಲ, ಸಿಟ್ಟಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ನಾಲ್ಕನೆಯ ಹತಾರ ಡಬ್ಬಿಗೆ ಬೀಳುವಾಗ ನಾನು ಬಾಯಿಬಿಟ್ಟೆ.

"ಅಪ್ಪಾ, ಸ್ಕ್ರೂ ಹುಡುಕಿದ್ದು ಕಣ್ಣಲ್ಲಿ ಅಲ್ಲ. ಮ್ಯಾಗ್ನೆಟ್‌ನಲ್ಲಿ."

ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅಪ್ಪ ಖಾನೆಯಿಂದ ದಿಕ್ಸೂಚಿ ತೆಗೆದು ಗಡಿಯಾರದ ಹತ್ತಿರ ಹಿಡಿದರು. ಅದರ ಮುಳ್ಳು ಗರಕ್ಕನೆ ತಿರುಗಿತು. ಉಕ್ಕಿನ ಸುರುಳಿಗೆ ಅಯಸ್ಕಾಂತದ ಗುಣ ಹತ್ತಿತ್ತು. ಅಪ್ಪ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ಎಂಬಂತೆ ನೋಡಿದರು.

"ಕೈ ಅಲ್ಲ ಮಗಾ. ಕೈ ಅಲ್ಲ" ಎಂದರು. ಆಮೇಲೆ ಅತ್ತರು.

ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಂದು ತಿಂದ ಊಟ, ಹಾಕಿದ ಅಂಗಿ ಯಾವುದೂ ನೆನಪಿಲ್ಲ. ಆ ಅಳು ಮಾತ್ರ ಇಂದಿಗೂ ನನ್ನನ್ನು ಬೆಚ್ಚಿಬೀಳಿಸುತ್ತದೆ.

ಕಾರ್ಖಾನೆಗಳಿದ್ದ ಎಂಐಡಿಸಿಯ ಹತ್ತಿರ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಸುರುಳಿಗೆ ಹತ್ತಿದ್ದ ಅಯಸ್ಕಾಂತದ ಗುಣ ಇಳಿಸಲು, ಕರೆಂಟು ಹರಿಯುವ, ಗುಂಯ್‌ಗುಡುವ ತಂತಿಯ ಬಳೆಯೊಳಗಿಂದ ಅಪ್ಪ ಗಡಿಯಾರವನ್ನು ನಿಧಾನವಾಗಿ ಹಿಂದಕ್ಕೆ ಎಳೆದರು. ಅಂಟಿದ್ದ ಸುತ್ತುಗಳು ಬಿಟ್ಟುಕೊಂಡವು. ನಾವು ಮನೆ ಸೇರುವಾಗ ಐದು ದಾಟಿತ್ತು. ಹೋಟೆಲಿನವರು ಅಕ್ಕ ಕೊಟ್ಟ ಚಹಾ ಕುಡಿಯುತ್ತ, "ಎಂತ ಮಾರಾಯ್ರೇ, ಗಡಿಯಾರದವರೇ ತಡ ಮಾಡಿದ್ರೆ ಹೇಗೆ?" ಎಂದು ನಕ್ಕರು. ಅಪ್ಪ ಡಬ್ಬಿಯಿಂದ ಹತಾರಗಳನ್ನು ತೆಗೆದು ಮತ್ತೆ ಮೇಜಿನ ಮೇಲೆ ಜೋಡಿಸುತ್ತಿದ್ದರು.

ಮೊಮ್ಮಕ್ಕಳೇ, ಇಂದು ನೆರೂಳಿನ ನಿಮ್ಮ ಮನೆಯ ಮೇಜಿನ ಮೇಲೆ ನಿಮ್ಮ ತಂದೆಯ ದುಬಾರಿ ಗಡಿಯಾರ ಅಯಸ್ಕಾಂತವಿರುವ ಫೋನಿನ ಪಕ್ಕದಲ್ಲೇ ಮಲಗಿರುತ್ತದೆ. ಅದರ ಸುರುಳಿ ಸಿಲಿಕಾನಿನದಂತೆ. ಅಯಸ್ಕಾಂತ ಅದನ್ನು ಏನೂ ಮಾಡದಂತೆ. ಕೇಳಿ ನನಗೆ ಸಮಾಧಾನವಾಯಿತು. ಆದರೆ ಅದನ್ನು ಮಾರಿದ ಅಂಗಡಿಯವನು ಇನ್ನೊಂದು ಮಾತು ಹೇಳಿದ: ಅದನ್ನು ಬಗ್ಗಿಸಿ ತಿದ್ದಲು ಆಗುವುದಿಲ್ಲ, ಮುರಿದರೆ ಎಸೆದು ಹೊಸದನ್ನೇ ಕೂರಿಸಬೇಕು. ಅಪ್ಪ ಇದ್ದಿದ್ದರೆ ಆ ಗಡಿಯಾರವನ್ನು ಕಿವಿಗೆ ಹಿಡಿದು, ಚೆನ್ನಾಗಿದೆ ಎಂದು ಮನಸಾರೆ ಹೊಗಳುತ್ತಿದ್ದರು. ಆಮೇಲೆ, ತಿದ್ದಲು ಏನೂ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು.